ಮರ ಬಿರಿಯುವ ಗುಟ್ಟು

ಚೈತ್ರ ವೈಶಾಖದ ಬಿಸಿಲಿನಲ್ಲಿ, ಮಾಲೂರಿನದೋ ಕೋಲಾರದ್ದೋ ಮರ ಕೊಯ್ಯುವ ಮಿಲ್ಲಿನ ಅಂಗಳದಲ್ಲಿ ನಡುಹಗಲು ನಿಂತವರಿಗೆ ಒಂದು ವಿಚಿತ್ರ ಸದ್ದು ಕೇಳಿಬರುತ್ತದೆ. ಗರಗಸ ನಿಂತಿದೆ, ಆಳುಗಳು ಬುತ್ತಿ ಬಿಚ್ಚಿ ಹುಣಸೆಯ ನೆರಳಿನಲ್ಲಿ ಕುಳಿತಿದ್ದಾರೆ, ಯಾರ ಕೈಯಲ್ಲಿಯೂ ಕೊಡಲಿಯಿಲ್ಲ. ಆದರೂ ರಾಶಿ ಹಾಕಿದ ನೀಲಗಿರಿ ದಿಮ್ಮಿಗಳ ನಡುವಿನಿಂದ, ಒಣಗಿದ ಬಿದಿರು ಸಿಡಿದಂತೆ, 'ಟಪ್' ಎಂಬ ಶಬ್ದ. ಹತ್ತಿರ ಹೋಗಿ ನೋಡಿದರೆ, ಬೆಳಿಗ್ಗೆ ಕೊಯ್ದಾಗ ದುಂಡಗೆ ನುಣುಪಾಗಿದ್ದ ದಿಮ್ಮಿಯ ತುದಿಯಲ್ಲಿ, ನಟ್ಟನಡುವಿನಿಂದ ಅಂಚಿನ ಕಡೆಗೆ ಮೂರು ನಾಲ್ಕು ಸೀಳುಗಳು ನಕ್ಷತ್ರದ ಕಿರಣಗಳಂತೆ ಹರಡಿಕೊಂಡಿರುತ್ತವೆ. ಮರ ತನ್ನಷ್ಟಕ್ಕೆ ತಾನೇ ಬಿರಿದಿದೆ.

ಈ ಬಿರುಕು ಅಂಗಳದಲ್ಲಿಯೇ ಉಳಿಯುವುದಿಲ್ಲ. ಹೊಸ ಮನೆಯ ಗೃಹಪ್ರವೇಶವಾಗಿ ಆರು ತಿಂಗಳು ತುಂಬುವುದರೊಳಗೆ ಬಾಗಿಲ ಚೌಕಟ್ಟು ಬಾಯಿ ಬಿಟ್ಟಿರುತ್ತದೆ. ಯಜಮಾನನಿಗೆ ಕೋಪ.

"ಏನು ಆಚಾರ್ರೇ, ಹಸಿ ಮರ ತಂದು ಹಾಕಿಬಿಟ್ಟಿರಲ್ಲ!"

"ಇಲ್ಲ ಸ್ವಾಮಿ, ಅದು ಮರದ ಗುಣ. ನನ್ನ ಕೈಯಲ್ಲೇನಿದೆ?"

ಇಂಥ ಮಾತುಕತೆ ಎಷ್ಟು ಮನೆಗಳ ಹೊಸಿಲಿನ ಮೇಲೆ ನಡೆದಿದೆಯೋ ಲೆಕ್ಕವಿಟ್ಟವರಿಲ್ಲ. ಯಜಮಾನನ ಆರೋಪದಲ್ಲಿ ಸತ್ಯವಿದೆ. ಆಚಾರಿಯ ಉತ್ತರದಲ್ಲಿಯೂ ಸತ್ಯವಿದೆ. ಆದರೆ 'ಗುಣ' ಎಂದು ಕೈ ಚೆಲ್ಲುವ ಆ ಮಾತಿನ ಹಿಂದೆ ಒಂದು ಶಾಸ್ತ್ರವೇ ಅಡಗಿದೆ. ಮರದ ಒಳಗಿನ ಕಟ್ಟಡವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರಿಗೆ ಬಿರುಕು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ತಮ್ಮ ಹೊಲಗಳಲ್ಲಿ ರಾಗಿಯನ್ನು ಬಿಟ್ಟು ನೀಲಗಿರಿಯನ್ನು ನೆಟ್ಟ ಕೋಲಾರ ಸೀಮೆಯ ರೈತರಿಗೆ ಇದು ಬರಿಯ ಶಾಸ್ತ್ರದ ಕುತೂಹಲವಲ್ಲ. ಬಿರಿಯದ ಮರ ಘನ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಬಿರಿಯುವ ಮರ ತೂಕದ ಲೆಕ್ಕದಲ್ಲಿ ಸೌದೆಯಾಗಿಯೋ ಕಾಗದದ ತಿರುಳಾಗಿಯೋ ಹೋಗುತ್ತದೆ.

ನಳಿಕೆಗಳ ಕಟ್ಟು

ಮರವೆಂದರೇನು? ಒಂದು ಹಿಡಿ ಗೋಧಿಯ ಹುಲ್ಲನ್ನು ಒತ್ತಾಗಿ ಸೇರಿಸಿ ದಾರದಿಂದ ಬಿಗಿದರೆ ಹೇಗಿರುತ್ತದೆಯೋ ಹಾಗೆ, ಉದ್ದುದ್ದನೆಯ ಟೊಳ್ಳು ನಳಿಕೆಗಳ ಒಂದು ಕಟ್ಟು. ಬೇರಿನಿಂದ ಎಲೆಗೆ ನೀರು ಏರುವುದು ಈ ನಳಿಕೆಗಳಲ್ಲಿ. ಗಾಳಿಗೆ ಮುರಿಯದಂತೆ ಮರವನ್ನು ನಿಲ್ಲಿಸುವುದೂ ಈ ನಳಿಕೆಗಳ ಗೋಡೆಗಳೇ.

ಈ ಕಟ್ಟಡವನ್ನು ಅತ್ಯಂತ ಸರಳವಾದ ರೂಪದಲ್ಲಿ ನೋಡಬೇಕಾದರೆ ಪೈನ್ ಮರವನ್ನು ನೋಡಬೇಕು. ಕೋಲಾರದ ಬಯಲಿನಲ್ಲಿ ಪೈನ್ ಬೆಳೆಯುವುದಿಲ್ಲ, ನಿಜ. ಆದರೆ ಕಡಲು ದಾಟಿ ಬರುವ ಯಂತ್ರಭಾಗಗಳ ಕೆಳಗೆ ಹಾಸಾಗಿ, ಸುತ್ತಲೂ ಪೆಟ್ಟಿಗೆಯಾಗಿ, ನರಸಾಪುರ ಮಾಲೂರುಗಳ ಕೈಗಾರಿಕಾ ಪ್ರದೇಶಗಳವರೆಗೆ ಅದರ ಹಲಗೆ ಬಂದು ಸೇರುತ್ತದೆ. ಕೆನೆಯ ಬಣ್ಣ, ಅಲ್ಲಲ್ಲಿ ಕಂದು ಗಂಟುಗಳು, ಮೂಗಿಗೆ ಹಿಡಿದರೆ ರಾಳದ ಕಂಪು. ಗುರುತು ಹಿಡಿಯುವುದು ಕಷ್ಟವಲ್ಲ. ಕ್ಯಾಲಿಫೋರ್ನಿಯದ ತೀರದಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ವಿಸ್ತಾರವಾಗಿ ಬೆಳೆಯುತ್ತಿರುವ ರೇಡಿಯೇಟಾ ಪೈನ್ ಹಡಗುಗಳಲ್ಲಿ ದಿಮ್ಮಿಯಾಗಿಯೂ ಭಾರತಕ್ಕೆ ಬರುತ್ತದೆ.

ಪೈನ್ ಮರದ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಒಂದೇ ಜಾತಿಯ ನಳಿಕೆಗಳು. ಒಂದೊಂದೂ ಮೂರು ನಾಲ್ಕು ಮಿಲಿಮೀಟರ್ ಉದ್ದ. ದಪ್ಪ ಅದರ ನೂರರಲ್ಲೊಂದು ಪಾಲು. ವಸಂತದಲ್ಲಿ ಬೆಳೆದ ನಳಿಕೆಗಳ ಗೋಡೆ ತೆಳು, ಒಡಲು ಅಗಲ. ಬೇಸಗೆಯ ಕೊನೆಯಲ್ಲಿ ಬೆಳೆದವುಗಳ ಗೋಡೆ ದಪ್ಪ, ಒಡಲು ಇಕ್ಕಟ್ಟು. ಹಲಗೆಯ ಮೇಲೆ ತಿಳಿ ಕಪ್ಪು ಪಟ್ಟೆಗಳಾಗಿ ಕಾಣುವ ಉಂಗುರಗಳು ಇವೇ. ಇವುಗಳಿಗೆ ಅಡ್ಡಲಾಗಿ, ಬಂಡಿಯ ಗಾಲಿಯ ಅರೆಕಾಲುಗಳಂತೆ, ನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಹರಿಯುವ ತೆಳುವಾದ ಕೋಶಪಂಕ್ತಿಗಳಿವೆ. ಶಾಸ್ತ್ರಜ್ಞರು ಇವನ್ನು ಮಜ್ಜಾಕಿರಣಗಳೆಂದು ಕರೆಯುತ್ತಾರೆ. ಕಥೆಯ ಖಳನಾಯಕನೂ ನಾಯಕನೂ ಈ ಕಿರಣವೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ನಳಿಕೆಯ ಟೊಳ್ಳಿನಲ್ಲಿ ತುಂಬಿಕೊಂಡ ನೀರು ಒಂದು. ನಳಿಕೆಯ ಗೋಡೆಯೊಳಗೇ ಇಂಗಿಕೊಂಡ ನೀರು ಇನ್ನೊಂದು. ಕೊಡದಲ್ಲಿರುವ ನೀರಿಗೂ ಮಣ್ಣಿನ ಕೊಡದ ಮೈಯಲ್ಲಿ ಜಿನುಗುವ ತೇವಕ್ಕೂ ಇರುವ ವ್ಯತ್ಯಾಸವಿದು. ಮರ ಒಣಗಲು ತೊಡಗಿದಾಗ ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ಮರ ಹಗುರವಾಗುತ್ತದೆಯೇ ಹೊರತು ಸಾಮಾನ್ಯವಾಗಿ ಕುಗ್ಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿ ನೀರಿನ ಪ್ರಮಾಣ ನೂರಕ್ಕೆ ಸುಮಾರು 30ಕ್ಕೆ ಇಳಿದಾಗ ಟೊಳ್ಳುಗಳು ಬರಿದಾಗಿ, ಗೋಡೆಯ ನೀರು ಹೊರಡಲು ಮೊದಲಾಗುತ್ತದೆ. ಕುಗ್ಗುವಿಕೆ ಆರಂಭವಾಗುವುದು ಆ ಘಳಿಗೆಯಲ್ಲಿ. ಗೋಡೆಯೊಳಗಿನ ಅತಿಸೂಕ್ಷ್ಮ ಎಳೆಗಳು ಬಹುಪಾಲು ನಳಿಕೆಯ ಉದ್ದಕ್ಕೆ ಹುರಿಹಗ್ಗದಂತೆ ಸಾಗಿರುವುದರಿಂದ, ಅವುಗಳ ನಡುವಿನ ನೀರು ಹೋದಾಗ ಎಳೆಗಳು ಪಕ್ಕಪಕ್ಕಕ್ಕೆ ಸರಿದು ಹತ್ತಿರವಾಗುತ್ತವೆ. ಉದ್ದದಲ್ಲಿ ಕಡಮೆಯಾಗುವುದು ಅತ್ಯಲ್ಪ. ಹತ್ತಡಿಯ ತೊಲೆ ಒಣಗಿದ ಮೇಲೂ ಹೆಚ್ಚುಕಡಮೆ ಹತ್ತಡಿಯೇ. ಅಗಲದಲ್ಲಿ ಮಾತ್ರ ಹಾಗಲ್ಲ.

ಇಲ್ಲಿ ಒಂದು ಸೋಜಿಗವಿದೆ. ಅಗಲದಲ್ಲಿಯೂ ಮರ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಉಂಗುರದ ಸುತ್ತಿನಲ್ಲಿ ಎಷ್ಟು ಕುಗ್ಗುತ್ತದೆಯೋ ಅದರ ಅರ್ಧದಷ್ಟು ಮಾತ್ರ ಕಿರಣದ ಜಾಡಿನಲ್ಲಿ ಕುಗ್ಗುತ್ತದೆ. ಹಲವಾರು ಮರಗಳಿಗೆ ಸರಿಸುಮಾರಾಗಿ ಒಪ್ಪುವ ಲೆಕ್ಕ ಇದು. ನಡುವಿನಿಂದ ಅಂಚಿಗೆ ಸಾಗುವ ಕಿರಣಗಳು ಆ ದಿಕ್ಕಿನ ಕುಗ್ಗುವಿಕೆಯನ್ನು ಬಿಗಿಹಿಡಿದು ತಡೆಯುತ್ತವೆ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು. ದಪ್ಪ ಗೋಡೆಯ ಪಟ್ಟೆಗಳು ಹೆಚ್ಚು ಕುಗ್ಗಿ, ತೆಳು ಗೋಡೆಯ ಪಟ್ಟೆಗಳನ್ನೂ ಸುತ್ತಿನ ದಿಕ್ಕಿನಲ್ಲಿ ತಮ್ಮೊಡನೆ ಎಳೆದುಕೊಳ್ಳುತ್ತವೆ ಎಂಬುದು ಇನ್ನೊಂದು.

ಇದರ ಫಲವೇನೆಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ನಡುವಿನಿಂದ ಅಂಚಿಗೆ 10 ಸೆಂಟಿಮೀಟರ್ ಇರುವ ಒಂದು ದುಂಡು ಬಿಲ್ಲೆ. ಅದರ ಸುತ್ತಳತೆ 62.8 ಸೆಂಟಿಮೀಟರ್. ಸುತ್ತಿನಲ್ಲಿ ನೂರಕ್ಕೆ 8, ಕಿರಣದ ಜಾಡಿನಲ್ಲಿ ನೂರಕ್ಕೆ 4 ಕುಗ್ಗುವ ಮರವೆಂದು ಇಟ್ಟುಕೊಳ್ಳೋಣ. ಒಣಗಿದ ಮೇಲೆ ಅಂಚಿನ ಮರ 57.8 ಸೆಂಟಿಮೀಟರಿಗೆ ಇಳಿಯಬೇಕು. ಆದರೆ ಅರೆವ್ಯಾಸ ಇಳಿದಿರುವುದು 9.6ಕ್ಕೆ ಮಾತ್ರ, ಅದನ್ನು ಸುತ್ತುವರಿಯಲು 60.3 ಸೆಂಟಿಮೀಟರ್ ಬೇಕು. ಎರಡೂವರೆ ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಅಂಗುಲ, ಸಾಲದೆ ಹೋಯಿತು! ಚಿಕ್ಕದಾದ ಅಂಗಿಯನ್ನು ಬಲವಂತವಾಗಿ ತೊಟ್ಟರೆ ಹೊಲಿಗೆ ಬಿಡುವಂತೆ ಮರ ಎಲ್ಲಿಯಾದರೂ ಬಿಡಲೇಬೇಕು. ಬಿಡುವುದು ಎಲ್ಲಿ? ಹೊಲಿಗೆಯಿರುವಲ್ಲಿ. ಆ ಹೊಲಿಗೆಯೇ ಮಜ್ಜಾಕಿರಣ. ಮೆತ್ತನೆಯ ಕೋಶಗಳಿಂದಾದ ಕಿರಣದ ಪಕ್ಕ, ನಳಿಕೆಗಳ ಹಿಡಿತ ದುರ್ಬಲವಾಗಿರುವಲ್ಲಿ, ಬಿರುಕು ದಾರಿ ಮಾಡಿಕೊಳ್ಳುತ್ತದೆ. ಕುಗ್ಗದಂತೆ ತಡೆದು ಬಿಗಿತವನ್ನು ಹುಟ್ಟಿಸಿದ್ದೂ ಅದೇ, ಬಿಗಿತ ಮಿತಿಮೀರಿದಾಗ ಮೊದಲು ಸೋತು ಬಾಯಿ ಬಿಡುವುದೂ ಅದೇ. ದುಂಡು ಕಂಬಗಳಲ್ಲಿ ತಿರುಳಿನವರೆಗೆ ಇಳಿದ ಒಂದು ದೊಡ್ಡ ಸೀಳು ಸಾಮಾನ್ಯವಾಗಿ ಏಕಿರುತ್ತದೆ ಎಂಬುದಕ್ಕೆ ಉತ್ತರ ಈ ಒಂದಂಗುಲದ ಲೆಕ್ಕದಲ್ಲಿದೆ.

ಪೈನ್ ಈ ಪರೀಕ್ಷೆಯಲ್ಲಿ ಪೂರ್ತಿಯಾಗಿ ಪಾರಾಗುವುದಿಲ್ಲ. ಬಿಸಿಲಿನಲ್ಲಿ ಅವಸರದಿಂದ ಒಣಗಿಸಿದರೆ ಅದರ ಮೇಲ್ಮೈಯಲ್ಲಿಯೂ ಕಿರಣಗಳ ಗುಂಟ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಗಂಟುಗಳ ಸುತ್ತ ಎಳೆಗಳು ತಿರುಗಿಕೊಂಡಿರುವುದರಿಂದ ಅಲ್ಲಿ ಸೀಳುತ್ತದೆ. ತಿರುಳಿನ ಸುತ್ತಲಿನ ಎಳಸು ಮರದಲ್ಲಿ ಗೋಡೆಯ ಎಳೆಗಳು ಓರೆಯಾಗಿರುವುದರಿಂದ ಅದು ಉದ್ದದಲ್ಲಿಯೂ ಕುಗ್ಗಿ ಹಲಗೆಯನ್ನು ಬಿಲ್ಲಿನಂತೆ ಬಾಗಿಸುತ್ತದೆ. ಆದರೂ ಒಟ್ಟಿನಲ್ಲಿ ಪೈನ್ ಸಾಧು ಪ್ರಾಣಿ. ಅದರ ಕಿರಣಗಳು ಬಹುಮಟ್ಟಿಗೆ ಒಂದೇ ಕೋಶದಷ್ಟು ತೆಳು. ಹೊರ ಮರದ ನಳಿಕೆಗಳ ನಡುವಣ ಕಿಂಡಿಗಳ ಮೂಲಕ ನೀರು ಸರಾಗವಾಗಿ ಹೊರಬರುತ್ತದೆ. ಒಳಗೂ ಹೊರಗೂ ತೇವದ ಅಂತರ ಹೆಚ್ಚದೆ ಒಣಗುವ ಮರಕ್ಕೆ ಬಿಗಿತವೂ ಕಡಮೆ.

ನಂದಿಯಿಂದ ಇಳಿದ ಮರ

ಇಂಥ ಸಾಧು ಮರದ ಪಕ್ಕದಲ್ಲಿ ನೀಲಗಿರಿಯನ್ನು ನಿಲ್ಲಿಸಿದರೆ ಬೇರೊಂದು ಲೋಕವೇ ಕಾಣುತ್ತದೆ.

ಆಸ್ಟ್ರೇಲಿಯದ ಈ ಮರ ಕೋಲಾರ ಸೀಮೆಗೆ ಹೊಸಬನೇನೂ ಅಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟದಲ್ಲಿ ಇದರ ಸಸಿಗಳನ್ನು ನೆಡಿಸಿದನೆಂಬುದು ಪ್ರತೀತಿ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರ್ಪಡುವವರೆಗೆ ನಂದಿ ಕೋಲಾರ ಜಿಲ್ಲೆಯದೇ ಆಗಿತ್ತು. ಆ ಬೆಟ್ಟದ ಮರಗಳ ಬೀಜದಿಂದ ಹರಡಿದ ತಳಿಯೇ ಮುಂದೆ 'ಮೈಸೂರು ಗಮ್', 'ಮೈಸೂರು ಹೈಬ್ರಿಡ್' ಎಂಬ ಹೆಸರುಗಳಿಂದ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. 1950ರ ದಶಕದಿಂದ ಸರ್ಕಾರಿ ನೆಡುತೋಪುಗಳು, 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳು. ಬಯಲುಸೀಮೆಯ ಹೊಲಹೊಲಕ್ಕೂ ನೀಲಗಿರಿ ಇಳಿಯಿತು. ಮಳೆ ಕೈಕೊಟ್ಟರೂ ಸಾಯದ ಬೆಳೆ. ಆಳು ಬೇಡ, ಕಾವಲು ಬೇಡ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಲದ ನೀರನ್ನೂ ರಾಗಿಯ ಹೊಲವನ್ನೂ ಅದು ನುಂಗುತ್ತಿದೆಯೆಂಬ ಆಕ್ಷೇಪವೂ ಅಷ್ಟೇ ಬಲವಾಗಿ ಎದ್ದಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಯ ನೀಲಗಿರಿ ಸಸಿಗಳನ್ನೇ ಕಿತ್ತೊಗೆದರು. ಆ ವಾದವಿವಾದ ದೊಡ್ಡದು. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಇಲ್ಲಿನ ಪ್ರಶ್ನೆ ಅಷ್ಟೊಂದು ಗದ್ದಲ ಮಾಡಿದ್ದಲ್ಲ: ಬೆಳೆದು ನಿಂತ ಮರದಿಂದ ಒಂದು ನೆಟ್ಟಗಿನ ಹಲಗೆ ಏಕೆ ಸಿಗುವುದಿಲ್ಲ?

ಮೊದಲನೆಯ ಕಾರಣ ಮರ ಒಣಗುವುದಕ್ಕೂ ಮುಂಚಿನದು. ಕಾಂಡದ ಹೊರಗೆ ಪ್ರತಿ ವರ್ಷವೂ ಹೊಸ ಪದರ ಕೂಡಿಕೊಳ್ಳುತ್ತದಷ್ಟೆ. ಆ ಪದರದ ನಾರುಗಳು ಬಲಿಯುವಾಗ ಉದ್ದದಲ್ಲಿ ಎಳ್ಳಷ್ಟು ಕುಗ್ಗಲು ಹವಣಿಸುತ್ತವೆ. ಒಳಗಿನ ಹಳೆಯ ಮರ ಬಿಡುವುದಿಲ್ಲ. ಹೀಗೆ ಪದರದ ಮೇಲೆ ಪದರ ಕೂಡಿ, ನಿಂತ ಮರದಲ್ಲಿ ಹೊರಭಾಗವೆಲ್ಲ ಜಗ್ಗಿ ಕಟ್ಟಿದ ಹಗ್ಗದಂತೆ ಸೆಳೆತದಲ್ಲಿಯೂ ನಡುಭಾಗವೆಲ್ಲ ಅದಕ್ಕೆ ಸಿಕ್ಕಿ ಅದುಮಿದ ಸ್ಥಿತಿಯಲ್ಲಿಯೂ ಇರುತ್ತದೆ. ಗಾಳಿಗೆ ಬಾಗಿದಾಗ ಮರ ಮುರಿಯದಿರಲು ಈ ಏರ್ಪಾಡು ಬಹಳ ಉಪಯುಕ್ತ. ಆದರೆ ಗರಗಸ ಕಾಂಡವನ್ನು ತುಂಡರಿಸಿದೊಡನೆ ಕಟ್ಟಿದ ಹಗ್ಗ ಬಿಚ್ಚಿದಂತಾಗುತ್ತದೆ. ಹೊರಭಾಗ ಹಿಂದಕ್ಕೆ ಸರಿಯುತ್ತದೆ, ನಡುಭಾಗ ಮುಂದಕ್ಕೆ ಚಾಚುತ್ತದೆ, ತುದಿ ನಕ್ಷತ್ರದಂತೆ ಸೀಳುತ್ತದೆ. ಅಂಗಳದಲ್ಲಿ ಕೇಳಿದ 'ಟಪ್' ಸದ್ದಿನ ಮೂಲ ಬಹಳಷ್ಟು ಮಟ್ಟಿಗೆ ಇದೇ. ಈ ಬಿಗಿತ ಎಲ್ಲ ಮರಗಳಲ್ಲಿಯೂ ಇದೆ, ನೀಲಗಿರಿಯಲ್ಲಿ ಹೇರಳ. ಅದರಲ್ಲಿಯೂ ಏಳೆಂಟು ವರ್ಷಕ್ಕೇ ಕಡಿಯುವ ಸಣ್ಣ ಮರದಲ್ಲಿ ಸೆಳೆತ ಅದುಮಿತಗಳ ನಡುವಿನ ಅಂತರ ಕೆಲವೇ ಅಂಗುಲಗಳಾದುದರಿಂದ ಏಟು ಇನ್ನೂ ಜೋರು.

ಎರಡನೆಯದು ನಳಿಕೆಗಳ ವಿಷಯ. ನೀಲಗಿರಿಯಲ್ಲಿ ಕೆಲಸಗಳು ಹಂಚಿಹೋಗಿವೆ. ನೀರು ಸಾಗಿಸಲು ಅಗಲವಾದ ಕೊಳವೆಗಳು ಬೇರೆ. ಬಲಕ್ಕಾಗಿ ಸುಮಾರು ಒಂದು ಮಿಲಿಮೀಟರ್ ಉದ್ದದ, ದಪ್ಪ ಗೋಡೆಯ, ಕಿರಿದಾದ ಒಡಲಿನ ನಾರುಗಳು ಬೇರೆ. ಅಗಲ ಕೊಳವೆಗಳಿವೆಯಲ್ಲ, ನೀರು ಬೇಗ ಹೊರಡಬೇಕಷ್ಟೆ ಎಂದು ಯಾರಿಗಾದರೂ ತೋರೀತು. ಮರ ಬಲಿತು ಚೇಗಾಗುವಾಗ ಪಕ್ಕದ ಕೋಶಗಳು ಬಲೂನಿನಂತೆ ಈ ಕೊಳವೆಗಳೊಳಕ್ಕೆ ಉಬ್ಬಿ ಬಂದು ಅವನ್ನು ಮುಚ್ಚಿಬಿಡುತ್ತವೆ. ಚರಂಡಿಗೆ ಬಟ್ಟೆ ತುರುಕಿದಂತೆ! ಹೀಗಾಗಿ ಹೊರಮೈ ಬಿಸಿಲುಗಾಳಿಗೆ ಒಣಗಿ ಕುಗ್ಗತೊಡಗಿದರೂ ಒಳಗಿನ ಚೇಗು ಹಸಿಯಾಗಿಯೇ ಉಬ್ಬಿಕೊಂಡಿರುತ್ತದೆ. ಹೊರಗಿನ ಅಂಗಿ ಕುಗ್ಗಿತು, ಒಳಗಿನ ದೇಹ ಕುಗ್ಗಲಿಲ್ಲ. ಹೊಲಿಗೆ ಬಿಡದೆ ಏನಾದೀತು?

ಇನ್ನೂ ಒಂದು ಚೋದ್ಯವಿದೆ. ಕಿರಿದಾದ ನಾರುಗಳೊಳಗೆ ಸಂಪೂರ್ಣ ತುಂಬಿದ ನೀರು ಹೊರಗೆಳೆಯಲ್ಪಡುವಾಗ ಗೋಡೆಗಳನ್ನೇ ಒಳಕ್ಕೆ ಜಗ್ಗುತ್ತದೆ. ಗೋಡೆ ತಡೆಯದೆ ಹೋದರೆ ನಾರು ಚಪ್ಪಟೆಯಾಗಿ, ಹಲಗೆಯ ಮೈ ತೊಳೆಹಲಗೆಯಂತೆ ಅಲೆಯಲೆಯಾಗುತ್ತದೆ. ಆಸ್ಟ್ರೇಲಿಯದವರು ಇಂಥ ಹಲಗೆಗಳನ್ನು ಹಬೆಯಲ್ಲಿಟ್ಟು, ಕುಸಿದ ನಾರುಗಳನ್ನು ಮತ್ತೆ ದುಂಡಗಾಗಿಸುವ ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡರು. ಮುದುಡಿದ ಬಟ್ಟೆ ಇಸ್ತ್ರಿಗೆ ಸರಿಹೋದಂತೆ ಎನ್ನಬಹುದು. ಆದರೆ ಒಮ್ಮೆ ಸೀಳಿದ ಹಲಗೆಯನ್ನು ಕೂಡಿಸುವ ಹಬೆ ಎಲ್ಲಿಯೂ ಇಲ್ಲ.

ಶ್ರೀನಿವಾಸಪುರದ ಮಾವಿನ ತೋಪುಗಳವರು ಇಲ್ಲಿ ನಕ್ಕಾರು. ಕಾಯಿ ಬಿಡದ ಮುದಿ ಮಾವನ್ನು ಕಡಿದು ಹಲಗೆ ಕೊಯ್ಸಿದರೆ ಅದು ಇಷ್ಟೊಂದು ರಗಳೆಯಿಲ್ಲದೆ ಒಣಗುತ್ತದೆ. ಹಣ್ಣು ತುಂಬುವ ಪೆಟ್ಟಿಗೆಗೆ ಅದೇ ಹಲಗೆ ಒದಗುತ್ತಿದ್ದ ಕಾಲವಿತ್ತು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಮಾವಿಗೆ ಬಿರುಕಿಗಿಂತ ಹುಳುವಿನ ಭಯ, ಕಲೆಯ ಭಯ. ಒಂದೊಂದು ಮರಕ್ಕೆ ಒಂದೊಂದು ಶನಿ.

ಹೆಂಚಿನವರು ಬಲ್ಲ ವಿದ್ಯೆ

ಮಾಲೂರಿನ ಹೆಂಚು, ಇಟ್ಟಿಗೆಗಳು ಎಲ್ಲರಿಗೂ ಗೊತ್ತು. ಅಲ್ಲಿ ಅಚ್ಚಿನಿಂದ ತೆಗೆದ ಹಸಿ ಹೆಂಚನ್ನು ಯಾರೂ ನೇರವಾಗಿ ಬಿಸಿಲಿಗೆ ಹಾಕುವುದಿಲ್ಲ. ನೆರಳಿನ ಚಪ್ಪರದಲ್ಲಿ, ಒಂದಕ್ಕೊಂದು ತಾಗದಂತೆ ಜೋಡಿಸಿ, ಗಾಳಿ ಮೆಲ್ಲನೆ ಆಡುವಂತೆ ಬಿಟ್ಟು, ದಿನಗಟ್ಟಲೆ ಕಾಯುತ್ತಾರೆ, ಆಮೇಲೆ ಗೂಡು. ಬಿಸಿಗಾಳಿ ತಾಕಿದರೆ ಮೇಲ್ಮೈ ಮೊದಲು ಕುಗ್ಗಿ ಹೆಂಚು ಬಿರಿಯುತ್ತದೆಂಬುದು ಅಲ್ಲಿನ ಕೂಲಿಯಾಳಿಗೂ ತಿಳಿದ ಸಂಗತಿ. ಜೇಡಿಮಣ್ಣಿಗೆ ಅನ್ವಯಿಸುವ ಈ ವಿದ್ಯೆಯೇ ಅಕ್ಷರಶಃ ಮರಕ್ಕೂ ಅನ್ವಯಿಸುತ್ತದೆ. ಆದರೆ ಆ ಚಪ್ಪರದಾಚೆಯ ಬಯಲಿನಲ್ಲಿ, ಗೂಡಿಗೆ ಬಂದ ನೀಲಗಿರಿ ಉರಿ ಬಿಸಿಲಿನಲ್ಲಿ ಸಿಡಿಯುತ್ತ ಬಿದ್ದಿರುತ್ತದೆ! ಸೌದೆಗೆ ಸೀಳಿದರೇನು ಎಂಬ ಉದಾಸೀನ ನ್ಯಾಯವೇ. ಹಲಗೆಯಾಗಬೇಕಾದ ದಿಮ್ಮಿಗೂ ಅದೇ ಗತಿಯಾಗುವುದು ಮಾತ್ರ ನಷ್ಟದ ದಾರಿ.

ಮರವನ್ನು ಹದಮಾಡುವ ಶಾಸ್ತ್ರ ಈ ನಾಡಿಗೆ ಹೊಸತಲ್ಲ. ಬೆಂಗಳೂರಿನಲ್ಲಿ 1938ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಅರಣ್ಯ ಸಂಶೋಧನಾಲಯವೇ ಬೆಳೆದು 1988ರಲ್ಲಿ ಮಲ್ಲೇಶ್ವರದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ನೆಡುತೋಪಿನ ಮರಗಳನ್ನು ಹದಮಾಡುವ ಬಗೆ ಅಲ್ಲಿನ ಅಧ್ಯಯನದ ವಿಷಯಗಳಲ್ಲೊಂದು. ಸಂಸ್ಥೆಗಳಿಗೂ ಮೊದಲೇ ಆಚಾರಿಗಳ ಅನುಭವವಿತ್ತು: ಕಡಿದ ದಿಮ್ಮಿಯ ಎರಡು ತುದಿಗಳಿಗೂ ಸಗಣಿ ಮಣ್ಣು ಮೆತ್ತುವ ಪದ್ಧತಿ ಹಳೆಯದು. ಸೂಕ್ಷ್ಮದರ್ಶಕದ ಕಣ್ಣಿಗೆ ಇದು ಅತ್ಯಂತ ಯುಕ್ತವಾದ ಉಪಾಯ. ನಳಿಕೆಗಳ ಬಾಯಿ ತೆರೆದಿರುವುದು ತುದಿಯಲ್ಲಿ. ಮಗ್ಗುಲಿಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೊರಡುವುದು ಅಲ್ಲಿಯೇ. ಆ ಬಾಯಿಗಳನ್ನು ಮುಚ್ಚಿದರೆ ತುದಿಯೂ ನಡುವೂ ಸಮನಾಗಿ ಒಣಗುತ್ತವೆ. ಈಗ ಸಗಣಿಯ ಬದಲು ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿಯುತ್ತಾರೆ. ಕಡಿದ ಗಂಟೆಗಳೊಳಗೇ ಬಳಿಯಬೇಕು. ವಾರ ಬಿಟ್ಟು ಬಳಿದರೆ ಗಾಯ ಮಾಗಿದ ಮೇಲೆ ಮದ್ದು ಹಚ್ಚಿದಂತೆ. ತುದಿಗೆ ಎಸ್ ಆಕಾರದ ಕಬ್ಬಿಣದ ಪಟ್ಟಿ ಬಡಿದು ಸೀಳು ಹಿಗ್ಗದಂತೆ ಹಿಡಿಯುವುದೂ ಉಂಟು.

ನೀಲಗಿರಿಗೆ ಇಷ್ಟೇ ಸಾಲದು. ದಿಮ್ಮಿಯನ್ನು ತಿಂಗಳುಗಟ್ಟಲೆ ಬಿಸಾಡದೆ ಹಸಿಯಾಗಿರುವಾಗಲೇ ಕೊಯ್ಯಬೇಕು. ಕೊಯ್ಯುವಾಗ ಒಂದೇ ಮಗ್ಗುಲಿನಿಂದ ಹಲಗೆ ತೆಗೆಯುತ್ತ ಹೋದರೆ ಉಳಿದ ದಿಮ್ಮಿ ಬಿಲ್ಲಾಗುತ್ತದೆ. ಈ ಕಡೆ ಒಂದು, ಆ ಕಡೆ ಒಂದು ಎಂದು ತಿರುಗಿಸಿ ಕೊಯ್ದರೆ ಒಳಗಿನ ಸೆಳೆತ ಎರಡೂ ಕಡೆ ಸಮನಾಗಿ ಬಿಡುಗಡೆಯಾಗುತ್ತದೆ. ತಿರುಳಿರುವ ನಡುಭಾಗವನ್ನು ಹಲಗೆಗೆ ಸೇರಿಸದೆ ಬೇರೆ ತೆಗೆದುಬಿಡಬೇಕು. ಮುಂದಿನ ಬಿರುಕಿನ ಬೀಜ ಅಲ್ಲಿದೆ. ಆಮೇಲೆ ಹಲಗೆಗಳನ್ನು ನೆರಳಿನಲ್ಲಿ, ಪದರ ಪದರಕ್ಕೂ ಸಮದಪ್ಪದ ಪಟ್ಟಿಗಳನ್ನಿಟ್ಟು, ಒಂದರ ನೇರಕ್ಕೆ ಒಂದು ಬರುವಂತೆ ಪೇರಿಸಿ, ಮೇಲೆ ಭಾರ ಹೇರಿ ಕಾಯಬೇಕು. ಮೊದಲ ಕೆಲವು ವಾರಗಳೇ ಗಂಡಾಂತರದ ಕಾಲ. ಆಗ ಗೋಣಿಯನ್ನೋ ಗರಿಯನ್ನೋ ಮರೆಕಟ್ಟಿ ಗಾಳಿಯ ವೇಗವನ್ನು ತಗ್ಗಿಸಬೇಕು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಮಾರ್ಚಿನಿಂದ ಮೇವರೆಗೆ ಒಣಗಾಳಿ ಸುಯ್ಯೆನ್ನುವ ಈ ಸೀಮೆಯಲ್ಲಿ ಮಳೆಗಾಲ ಮುಗಿದ ಕೂಡಲೇ ಮರ ಕಡಿದು ಹಲಗೆ ಪೇರಿಸಿದವನಿಗೆ ಅರ್ಧ ಗೆಲವು ಸಿಕ್ಕಂತೆಯೇ.

ಇಷ್ಟೆಲ್ಲ ತಾಳ್ಮೆಗೆ ಬೆಲೆ ಕೊಡುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನಿಂತ ಮರವನ್ನೇ ದಲ್ಲಾಳಿಗೆ ಮಾರಿ ಮಗಳ ಮದುವೆ ಮಾಡಬೇಕಾದ ರೈತ ಆರು ತಿಂಗಳು ಹಲಗೆ ಕಾಯಲಾರ. ತೂಕಕ್ಕೆ ಮಾರಿದರೂ ಅವನಿಗೆ ಸುಖವಿಲ್ಲ. ಕಡಿದು ಹಾಕಿದ ಮರ ಲಾರಿ ಬರುವುದರೊಳಗೆ ಒಣಗಿದಷ್ಟೂ ಅವನ ಹಣ ಆವಿಯಾಗಿ ಹೋಗುತ್ತದೆ. ಮರ ಒಣಗುವುದರ ನಷ್ಟವೆಲ್ಲ ಅವನದು, ಒಣಗಿಸುವುದರ ಲಾಭ ಬೇರೆಯವರದು. ಬಡಗಿಗಳೂ ಬೆಳೆಗಾರರೂ ಕೂಡಿ ತಾಲ್ಲೂಕಿಗೊಂದು ಒಣಗಿಸುವ ಚಪ್ಪರ ಹಾಕಿದ್ದರೆ, ನಾಲ್ಕು ದಶಕಗಳ ನೀಲಗಿರಿಯಲ್ಲಿ ಒಂದು ಪಾಲಾದರೂ ಗೂಡಿನ ಬೆಂಕಿಯ ಬದಲು ಮನೆಗಳ ಬಾಗಿಲಾಗಬಹುದಿತ್ತು.

2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ನಿಷೇಧಕ್ಕೆ ಮುಂಚೆ ನೆಟ್ಟ ಬುಡಗಳು ಕಡಿದಷ್ಟೂ ಚಿಗುರುವ ಜಾತಿಯವು. ಹೊಲವನ್ನು ಮತ್ತೆ ರಾಗಿಗೆ ತಿರುಗಿಸಬೇಕೆನ್ನುವವರು ಬುಡಸಹಿತ ಕೀಳಿಸಬೇಕು. ಅದಕ್ಕೆ ಯಂತ್ರದ ಬಾಡಿಗೆ ಬೇಕು. ಬಾಡಿಗೆ ಹುಟ್ಟಬೇಕಾದದ್ದು ಕೊನೆಯ ಬಾರಿ ಕಡಿದ ಆ ಮರದಿಂದಲೇ. ಆ ಮರ ಹಲಗೆಯಾದೀತೋ ಸೌದೆಯಾದೀತೋ ಎಂಬುದು ಅಷ್ಟರಮಟ್ಟಿಗೆ ಹೊಲದ ಪ್ರಶ್ನೆಯೂ ಹೌದು.

ಇನ್ನು ಹೊಸ ಮನೆಯ ಯಜಮಾನನಿಗೆ ಒಂದು ಸಮಾಧಾನ. ಎಳೆಯ ಗುಂಟ ನೇರವಾಗಿ ಸೀಳಿದ ನಿಲುಗಂಬ ನೋಟಕ್ಕೆ ಕೆಟ್ಟರೂ ಭಾರ ಹೊರುವುದರಲ್ಲಿ ಅಷ್ಟಾಗಿ ಸೋಲುವುದಿಲ್ಲ; ಭಾರ ಇಳಿಯುವ ದಿಕ್ಕೂ ನಳಿಕೆಗಳು ನಿಂತ ದಿಕ್ಕೂ ಒಂದೇ. ಇದನ್ನು ಬಲ್ಲ ಆಚಾರಿಗಳು ಕಂಬದ ಹಿಂಬದಿಗೆ ಮೊದಲೇ ಉದ್ದಕ್ಕೊಂದು ಗೀರು ಕೊಯ್ದುಬಿಡುತ್ತಾರೆ. ಕುಗ್ಗುವಾಗ ಸಾಲದೆ ಬರುವ ಆ ಒಂದಂಗುಲ ಎಲ್ಲಿಯಾದರೂ ತೆರೆಯಲೇಬೇಕಲ್ಲ. ಅದು ಗೀರಿನಲ್ಲಿಯೇ ತೆರೆಯುತ್ತದೆ, ಮುಂಬದಿ ಹಾಗೆಯೇ ಉಳಿಯುತ್ತದೆ. ಮುಳಬಾಗಿಲಿನ ಕಡೆಯ ಹಳೆಯ ತೊಟ್ಟಿಮನೆಗಳಿಗೆ ಹೋದವರು ಪಡಸಾಲೆಯ ಕಂಬಗಳನ್ನು ಒಮ್ಮೆ ಸುತ್ತಿ ನೋಡಬೇಕು. ಅಂಗಳದ ಕಡೆಗೆ ಬಳ್ಳಿ, ಗಿಳಿ, ತಾವರೆ. ಗೋಡೆಯ ಕಡೆಗೆ, ಕತ್ತಲಲ್ಲಿ, ಮೇಲಿನಿಂದ ಕೆಳಗಿನವರೆಗೆ ಹುಣಸೆಬೀಜ ತೂರುವಷ್ಟು ಅಗಲದ ಒಂದು ಬಾಯಿ.